ಸಾಧು ಗಡ್ಡೆ

ಮೊದಲ ಸಲ ಬಂದಾಗ ಚೀಟಿಯಲ್ಲಿ ಬರೆದಿತ್ತು: ಡೆಂಗಿ ಇರಬಹುದು.
ಭಾದ್ರಪದದ ಮಳೆ, ಮಂಡಕ್ಕಿ ಭಟ್ಟಿಗಳ ಹಿಂದೆ ನಿಂತ ನೀರು,
ದಾವಣಗೆರೆಗೆ ದಾವಣಗೆರೆಯೇ ಜ್ವರ ಹೊದ್ದು ಮಲಗಿತ್ತು.
ಖೈರುನ್ನೀಸಾ, ಮೂವತ್ತೆಂಟು, ಭಟ್ಟಿ ಕೆಲಸ.
ತೋಳು ಚಾಚಿದಳು. ಹೊಟ್ಟಿನ ಹೊಗೆಯ ವಾಸನೆ.
ಸೆರಗಿನ ಮಡಿಕೆಯಲ್ಲಿ ಒಂದೆರಡು ಅರಳದ ಕಾಳು.

ಸೂಜಿ ತೆಗೆದು ಹತ್ತಿ ಒತ್ತಿದೆ. ರಕ್ತ ನಿಲ್ಲಲಿಲ್ಲ.
ನಾಲ್ಕು ನಿಮಿಷ. ಒಂಬತ್ತು.
ಗಾಳಿಗೆ ಕದ ಹಿಡಿದು ನಿಂತವಳ ಹಾಗೆ
ನನ್ನ ಹೆಬ್ಬೆರಳು ಅವಳ ತೋಳ ಮೇಲೆ.

ಹದಿನೆಂಟು ಸಾವಿರ, ಅಂದಿತು ಯಂತ್ರ.
ನಂಬದೆ ಗಾಜಿನ ಮೇಲೆ ಹನಿ ಎಳೆದು ನಾನೇ ಎಣಿಸಿದೆ.
ಹತ್ತು ಹದಿನೈದು ನೇರಳೆ ಚುಕ್ಕೆ ಇರಬೇಕಾದಲ್ಲಿ ಒಂದು.
ಕೆಂಪು ಕಣಗಳೂ ಕೆಲವು ಒಡೆದಿದ್ದವು, ನುಚ್ಚಕ್ಕಿಯ ಹಾಗೆ.
ಅದನ್ನು ನೋಡಿದ್ದೆ. ಬರೆಯಲಿಲ್ಲ.
ಆವತ್ತು ಇನ್ನೂ ಎಂಬತ್ತು ನಳಿಕೆ ಕಾದಿದ್ದವು.

ಡೆಂಗಿ ಅಲ್ಲ ಅಂತ ಮೂರು ಸಲ ಬಂತು.
ಮೂರು ಸಲವೂ ಪರಂಗಿ ಎಲೆ ಅರೆದು ಕುಡಿಸಿ ಕರೆತಂದ ದಸ್ತಗೀರ.
ಮೂರನೆಯ ಸಲ ಅವಳ ರವಿಕೆಯ ಅಂಚಿನ ಕೆಳಗೆ,
ಮೊಣಕೈಗೆ, ಮೀನಖಂಡಕ್ಕೆ ನೀಲಿ, ಹಸಿರು, ಹಳದಿ ಕಂದು.
ಯಾವುದು ಹೊಸದು, ಯಾವುದು ವಾರದ ಹಿಂದಿನದು
ಅಂತ ಓದಲು ನನಗೆ ಬರುತ್ತದೆ.
ಓದಿದೆ. ಸಿಸ್ಟರ್ ಚೌಡಮ್ಮನ ಕಿವಿಗೆ ಹಾಕಿದೆ.

"ಅವ್ರು ಕೈ ಎತ್ತಿಲ್ರೀ ಅಕ್ಕಾ,
ಜರಡಿ ತಾಕಿದ್ರೂ ಕಲೆ, ಚೀಲ ಆತ್ಕೊಂಡ್ರೂ ಕಲೆ."
ಎಲ್ಲರೂ ಹೀಗೇ ಹೇಳುತ್ತಾರೆ ಅಂದುಕೊಂಡೆ.
ಆ ರಾತ್ರಿ ಅವನು ಠಾಣೆಯ ಬೆಂಚಿನ ಮೇಲಿದ್ದ.

ಡಾಕ್ಟರ್ ಬಕ್ಕೇಶ್ ಅವಳ ಬಲಪಕ್ಕೆಯ ಕೆಳಗೆ ಕೈಯಿಟ್ಟು
ಮಾತು ನಿಲ್ಲಿಸಿದರು.
ಸ್ಕ್ಯಾನಿನಲ್ಲಿ ಬಿಳುಪು ಮೊದಲು ಅಂಚಿಗೆ ಬಂತು,
ಆಮೇಲೆ ತಡೆತಡೆದು ಒಳಕ್ಕೆ,
ಭದ್ರಾ ನಾಲೆಯ ನೀರು ಬದುವಿನಿಂದ ಹರಿದು
ಗದ್ದೆಯ ನಡುವಿಗೆ ತಲುಪುವ ಹಾಗೆ.
ಯಕೃತ್ತಿನೊಳಗೆ ಹತ್ತೊಂಬತ್ತು ಸೆಂಟಿಮೀಟರ್ ರಕ್ತನಾಳಗಳ ಗಂಟು.
ಚುಚ್ಚಿ ತೆಗೆದು ನೋಡೋಣವೇ ಸರ್, ಅಂದ ಹುಡುಗ ಡಾಕ್ಟರ್.
"ತುಂಬಿದ ಕೊಡಕ್ಕೆ ತೂತು ಹೊಡಿತೀಯೇನಪ್ಪಾ?"

ಕ್ಯಾನ್ಸರ್ ಅಲ್ಲ, ಸಾಧು ಗಡ್ಡೆ.
ಹಾಯದ ದನಕ್ಕೆ, ಒದೆಯದ ದನಕ್ಕೆ ನಾವು ಸಾಧು ಅನ್ನುತ್ತೇವೆ.
ಅದೂ ಮೇಯುತ್ತದೆ.
ಇದು ಕತ್ತಲಲ್ಲಿ ಕೂತು ಅವಳ ರಕ್ತ ಹೆಪ್ಪಾಗಿಸಿಕೊಂಡು
ಚುಕ್ಕೆ ಚುಕ್ಕೆ ಮೇಯುತ್ತಿತ್ತು.
ನಾವು ಏರಿಸಿದ ಆರು ಚೀಲ, ಯಾರ್ಯಾರೋ ಕೊಟ್ಟದ್ದು,
ಬೆಳಗಾಗುವುದರೊಳಗೆ ಅದೂ ಇಲ್ಲ.

"ನನ್ ಕಲೀಜ ದೊಡ್ಡದೈತಂತೆ" ಅಂತ ನಕ್ಕಳು.
ಅವರ ಮನೆಮಾತಿನಲ್ಲಿ ಎದೆಗಾರಿಕೆಗೂ ಅದೇ ಹೆಸರು.
ವಸಡಿನಲ್ಲಿ ರಕ್ತ ಜಿನುಗಿತ್ತು. ಸೆರಗಿನಿಂದ ಒರೆಸಿಕೊಂಡಳು.

ತೊಡೆಯ ಸಂದಿಯಿಂದ ಕೂದಲೆಳೆಯಂಥ ನಳಿಗೆ ಬಿಟ್ಟು
ಗಡ್ಡೆಗೆ ಹೋಗುವ ಧಮನಿಗೆ ಸಾಸಿವೆಗಿಂತ ಸಣ್ಣ ಮಣಿ ತುಂಬಿ ಕಟ್ಟೆ ಹಾಕಿದರು.
ಮೂರನೆಯ ದಿನ ಹೊಟ್ಟೆ ತೆರೆದರು. ಐದೂವರೆ ಗಂಟೆ.
ಅಷ್ಟೂ ಹೊತ್ತು ನಾನು ರಕ್ತನಿಧಿಯಲ್ಲಿ
ಗಡ್ಡೆಗಟ್ಟಿದ ಪ್ಲಾಸ್ಮಾ ಬಿಸಿನೀರಲ್ಲಿ ಕರಗಿಸಿ ಮೇಲೆ ಕಳಿಸುತ್ತಿದ್ದೆ.
ಕೊನೆಗೆ ತಟ್ಟೆಯಲ್ಲಿ ಅದು ಕೆಳಗೆ ಬಂತು.
ನೆಂದ ಸ್ಪಂಜು. ಎತ್ತಿದರೆ ಸೋರಿ ಸೋರಿ ಸಣ್ಣದಾಯಿತು.
ಇಷ್ಟೇನಾ, ಅನ್ನಿಸಿತು.

ನಲವತ್ತು ಸಾವಿರ. ತೊಂಬತ್ತು.
ಆರನೆಯ ದಿನ ಒಂದು ಲಕ್ಷ ನಲವತ್ತು.
ಮಸೂರದ ಕೆಳಗೆ ನೇರಳೆ ಚುಕ್ಕೆ,
ಕಾದ ಮರಳಿಗೆ ಅಕ್ಕಿ ಬಿದ್ದ ಹಾಗೆ, ಇಲ್ಲೊಂದು, ಅಲ್ಲೊಂದು,
ಆಮೇಲೆ ಎಣಿಸಲಾರದಷ್ಟು.
ಸೂಜಿ ತೆಗೆದರೆ ಹತ್ತಿಯಲ್ಲಿ ಒಂದೇ ಹನಿ.

ಕಾರ್ತಿಕದಲ್ಲಿ ಭಟ್ಟಿಗೆ ಹೋದೆ.
ಅವಳು ಜರಡಿ ಹಿಡಿದಿದ್ದಳು, ತೋಳು ಬರೀ ಮೈಬಣ್ಣ.
"ಅಕ್ಕ ಬಂದ್ರು" ಅಂತ ಕೂಗಿದಳು ಒಳಗೆ.
ದಸ್ತಗೀರ ಸೇರು ತುಂಬಿದ. ಕಡ್ಡಿ ಎಳೆದು ಅಂಚಿಗೆ ಸಮ ಮಾಡಿದ.
ನನ್ನ ಮುಂದೆ ನಿಂತಿದ್ದ ಹುಡುಗನಿಗೆ ಒಂದು ಹಿಡಿ ಮೇಲೆ ಹಾಕಿದ್ದ.
ನಾನು ಚೀಲದ ಬಾಯಿ ಬಿಡಿಸಿ ಹಿಡಿದೇ ಇದ್ದೆ.
ಅವನು ದುಡ್ಡು ಎಣಿಸಿಕೊಂಡ.
ಕೊಸರು ಹಾಕಲಿಲ್ಲ.